ಗಿಡ್ಡಮ್ಮನ ಹಾಡು ಮತ್ತು ಸದ್ದಡಗಿದ ಕಾರು

ಹಾಡಿ ಹೇಳುವ ಕಥೆಗಳಲ್ಲಿ ನಾಯಕನಿಗಿಂತ ಮೊದಲು ಅವನ ಕುದುರೆಯನ್ನು ವರ್ಣಿಸುವುದು ಹಿರಿಯರ ಪದ್ಧತಿ. ಅಂಥ ಕಥೆಗಳನ್ನು ಕಂಬಕ್ಕೊರಗಿ ಕೇಳುತ್ತ ಬೆಳೆದವರು ಆ ಪದ್ಧತಿ ಮೀರಬಾರದು. ಆದ್ದರಿಂದ ನ್ಯಾಮತಿಯ ಮಲ್ಲೇಶಪ್ಪನವರನ್ನು ಆಮೇಲೆ ನೋಡೋಣ. ಮೊದಲು ಅವರ ಕಾರು.

ಅದೊಂದು ಬಿಳಿಯ ಸಣ್ಣ ಕಾರು. ಶಿವಮೊಗ್ಗದ ದಂತವೈದ್ಯರೊಬ್ಬರು ಸಾಕಷ್ಟು ಓಡಿಸಿ ಬಿಟ್ಟುಕೊಟ್ಟದ್ದು. ಎಂಜಿನ್ನಿಗೆ ರೋಗವಿಲ್ಲ, ಬ್ರೇಕಿಗೆ ಮುನಿಸಿಲ್ಲ. ಆದರೆ ಚಕ್ರ ಉರುಳಿತೆಂದರೆ ಒಳಗೆ ಗುಂಯ್ ಎಂದು ಒಂದು ಸದ್ದು ಏಳುತ್ತಿತ್ತು. ಸವಳಂಗದ ರಸ್ತೆಯಲ್ಲಿ ಅದು ದುಂಬಿಯ ಹಾಗೆ ಇರುತ್ತಿತ್ತು. ಹೊನ್ನಾಳಿ ರಸ್ತೆ ಹಿಡಿದರೆ ಹಿಟ್ಟಿನ ಗಿರಣಿಯೇ ಹಿಂದಿನ ಸೀಟಿನಲ್ಲಿ ಬಂದು ಕೂತ ಹಾಗೆ. ಗಂಡಹೆಂಡಿರು ಪಕ್ಕಪಕ್ಕದಲ್ಲಿ ಕೂತು, ಹೊಳೆಯ ಆಚೆ ದಡದವರನ್ನು ಕೂಗುವಂತೆ ಕೂಗಿಕೊಂಡು ಸಂಸಾರದ ಮಾತಾಡಬೇಕಾಗಿತ್ತು.

ಇನ್ನು ನಾಯಕರು. ಮಲ್ಲೇಶಪ್ಪನವರದು ಬೀಜ ಗೊಬ್ಬರದ ಅಂಗಡಿ. ಅಂಗಡಿಗೆ ಬಂದ ರೈತರು ಬೆಳೆಗೆ ಬಿದ್ದ ಹುಳುವಿನಿಂದ ಶುರುಮಾಡಿ ಅಳಿಯನ ಗುಣದವರೆಗೆ ಹೇಳುತ್ತಾರೆ. ಅವರಿಗೆಲ್ಲ ಮಲ್ಲೇಶಪ್ಪ ಒಂದೇ ಹದದಲ್ಲಿ "ಹೂಂ" ಅನ್ನುತ್ತ ಚೀಲ ತೂಗುತ್ತಾರೆ. ಈ ಹೂಂ ಎಂಬುದು ಸಾಮಾನ್ಯ ವಸ್ತುವಲ್ಲ. ನಮ್ಮ ಕಡೆ ಯಾರಾದರೂ ಕಥೆಯನ್ನೋ ಹಾಡನ್ನೋ ಹೇಳುವಾಗ ಕೇಳುವವರು ನಡುನಡುವೆ ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಲ್ಲುತ್ತದೆ. ಹೇಳುವವರದು ಅರ್ಧ ಕೆಲಸ, ಮಿಕ್ಕರ್ಧ ಹೂಂಗುಟ್ಟುವವರದು.

ಈ ಹೂಂ ಒಂದು ದಿನ ಅವರಿಗೇ ತಿರುಗಿಬಿತ್ತು.

ಚನ್ನಗಿರಿಯಲ್ಲಿ ಬಳಗದವರ ಗೃಹಪ್ರವೇಶ. ಮುಂದಿನ ಸೀಟಿನಲ್ಲಿ ಹೆಂಡತಿ ಪುಷ್ಪಾವತಿ, ಹಿಂದೆ ಸೋದರತ್ತೆ ಗಿಡ್ಡಮ್ಮ. ಗಿಡ್ಡಮ್ಮನಿಗೆ ಎಂಬತ್ತು ದಾಟಿದೆ. ಮಲ್ಲೇಶಪ್ಪನ ಮನೆಯಲ್ಲೇ ಇರುವವಳು. ಹೊನ್ನಾಳಿ ದಾಟಿ, ರಸ್ತೆ ಹಸನಾಗಿ, ಕಾರು ತನ್ನ ಗುಂಯ್‌ಕಾರವನ್ನು ಒಂದೇ ಸಮನೆ ಹಿಡಿದುಕೊಂಡು ಹೋಗುತ್ತಿರುವಾಗ, ಎಷ್ಟೋ ವರ್ಷಗಳಿಂದ ಹಾಡಿಗೆ ಬಾಯಿ ತೆರೆಯದಿದ್ದ ಮುದುಕಿ ತಾನಾಗಿ ಹಾಡತೊಡಗಿದಳು.

ಮಲ್ಲೇಶಪ್ಪನವರ ಕಿವಿಗೆ ಬಿದ್ದದ್ದು "ನೀಲವ್ವ" ಎಂಬ ಹೆಸರು ಮಾತ್ರ. ಅಷ್ಟಕ್ಕೇ ಅವರ ಮೈ ಜುಮ್ಮೆಂದಿತು. ಅವರ ತಾಯಿ ಮತ್ತು ಈ ಅತ್ತೆ ಬೀಸುವ ಕಲ್ಲಿನ ಮುಂದೆ ಎದುರುಬದುರು ಕೂತು ಹೇಳುತ್ತಿದ್ದ ಹಾಡು ಅದು. ತವರಿಗೆ ಹೊರಟ ನೀಲವ್ವ ಹೊಳೆ ದಾಟಲು ಹರಿಗೋಲು ಹತ್ತುತ್ತಾಳೆ. ದಾಟುವಷ್ಟು ಹೊತ್ತೂ ಅಂಬಿಗನಿಗೆ ತನ್ನ ಕಷ್ಟಸುಖ ಹೇಳುತ್ತಾಳೆ. ಆಚೆ ದಡ ಮುಟ್ಟಿದ ಮೇಲೆ ಅವನನ್ನು ಒಂದು ಮಾತು ಕೇಳುತ್ತಾಳೆ. ಆ ಮಾತು ಯಾವುದೆಂದು ಮಲ್ಲೇಶಪ್ಪನಿಗೆ ಗೊತ್ತಿಲ್ಲ. ಹುಡುಗನಾಗಿದ್ದಾಗ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಕೇಳುತ್ತಿದ್ದ ಅವರಿಗೆ ಪ್ರತಿ ಸಲವೂ ನಡುಹೊಳೆಯಲ್ಲೇ ನಿದ್ದೆ ಹತ್ತುತ್ತಿತ್ತು. ತಾಯಿ ಹೋದರು. ಬಲ್ಲವಳು ಈಗ ಗಿಡ್ಡಮ್ಮ ಒಬ್ಬಳೇ.

ಏನೂ ಕೇಳಿಸದಿದ್ದರೂ ಮಲ್ಲೇಶಪ್ಪ ಧರ್ಮ ಬಿಡಲಿಲ್ಲ. "ಹೂಂ" ಅಂದರು. "ಹೂಂ, ಹೂಂ" ಅಂದರು. ಗೇರು ಬದಲಾಯಿಸುವಾಗಲೂ ಅಂದರು. ಕೊನೆಗೊಮ್ಮೆ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಅಡ್ಡ ಬಂದು, ಅದನ್ನು ದಾಟುವ ಗಡಿಬಿಡಿಯಲ್ಲಿ ಸುಮ್ಮನಾದರು. ದಾಟಿದ ಮೇಲೆ ನೋಡಿದರೆ ಅತ್ತೆ ಬಾಯಿ ಮುಚ್ಚಿ, ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದಾಳೆ.

"ಯಾಕತ್ತಿ, ನಿಲ್ಲಿಸಿಬಿಟ್ಟೆ?" ಎಂದು ಕೂಗಿದರು.

"ಮುಗೀತು."

"ಚಲೋ ಇತ್ತು ಬಿಡು."

"ಏನು ಚಲೋ ಇತ್ತು? ನೀಲವ್ವ ದಡಕ್ಕೆ ಹೋಗಿ ಅಂಬಿಗನ್ನ ಏನು ಕೇಳಿದ್ಲು, ಹೇಳು ನೋಡಾನ."

ಮಲ್ಲೇಶಪ್ಪ ಕನ್ನಡಿ ನೋಡಿದರು, ಹೆಂಡತಿಯನ್ನು ನೋಡಿದರು. ಪುಷ್ಪಾವತಿ ಈ ಪ್ರಶ್ನೆ ತನಗೆ ಬರಲಿಲ್ಲವೆಂಬ ನೆಮ್ಮದಿಯಲ್ಲಿ ರಸ್ತೆ ನೋಡುತ್ತಿದ್ದರು. ಅಂಗಡಿಯವರ ಬುದ್ಧಿ ಅಂಗಡಿಯ ಕಡೆಗೇ ಓಡಿತು.

"ಎಷ್ಟಾಯ್ತಪ್ಪ ಅಂತ ಕೇಳಿದ್ಲು" ಎಂದರು.

ಚನ್ನಗಿರಿ ಮುಟ್ಟುವವರೆಗೆ ಗಿಡ್ಡಮ್ಮ ಮಾತಾಡಲಿಲ್ಲ. ಮುಟ್ಟಿದ ಮೇಲೆ ಗೃಹಪ್ರವೇಶಕ್ಕೆ ಬಂದವರ ಹತ್ತಿರವೆಲ್ಲ ಮಾತಾಡಿದಳು. "ನಮ್ಮ ಮಲ್ಲೇಶನ ನೀಲವ್ವ ಅಂಬಿಗನಿಗೆ ಚಿಲ್ಲರೆ ಕೊಟ್ಟು ಇಳಿದ್ಲಂತೆ ಕಣ್ರವ್ವ. ಇವರವ್ವ ಇದ್ದಿದ್ರೆ ಬೀಸೋ ಕಲ್ಲಿನ ಗೂಟ ಕಿತ್ತು ಬಡೀತಿದ್ಲು." ಹೋಳಿಗೆ ಬಡಿಸುವವರು ಸೌಟು ಹಿಡಿದುಕೊಂಡೇ ನಕ್ಕರು.

"ತಪ್ಪು ನಂದಲ್ಲತ್ತಿ, ಕಾರಿಂದು" ಎಂದರು ಮಲ್ಲೇಶಪ್ಪ. "ಆ ಸದ್ದಿನಾಗೆ ದೇವ್ರು ಬಂದು ವರ ಕೊಟ್ರೂ ಕೇಳಂಗಿಲ್ಲ."

"ಹಂಗಾದ್ರೆ ಇಡೀ ದಾರಿ ಹೂಂ ಅಂದಿದ್ದು ಯಾರಿಗೆ? ಅನ್ನಬೇಕಾದ ಕಡೆ ಮಾತ್ರ ಅನ್ನಲಿಲ್ಲ" ಎಂದಳು ಗಿಡ್ಡಮ್ಮ. "ನೋಡು, ಬರೋ ತಿಂಗಳು ಜಗಳೂರಿಗೆ ಬಿಟ್ಟು ಬರ್ತೀಯಲ್ಲ, ಆ ದಾರಿಯಾಗೆ ಇನ್ನೊಂದು ಸಲ ಹೇಳ್ತೀನಿ. ರುದ್ರಾಣಿ ಮನೆ ಸೇರಿದ ಮ್ಯಾಲೆ ನಾನು ಈ ಕಡಿಗೆ ಬರಂಗಿಲ್ಲ. ಬೇಕಾದ್ರೆ ಕೇಳು, ಬ್ಯಾಡಾದ್ರೆ ಬಿಡು."

ರುದ್ರಾಣಿ ಗಿಡ್ಡಮ್ಮನ ಮಗಳು. ಜಗಳೂರಿನ ಮನೆಯಲ್ಲಿ ಅವಳ ಮೊಮ್ಮಗುವಿಗೆ ತೊಟ್ಟಿಲು ಶಾಸ್ತ್ರ. ಅದಕ್ಕೆ ಹೋದ ಗಿಡ್ಡಮ್ಮ ಅಲ್ಲೇ ಉಳಿಯುವುದೆಂದು ತೀರ್ಮಾನವಾಗಿತ್ತು. ಉಳಿದದ್ದು ಒಂದೇ ದಾರಿ, ಒಂದೇ ಹಾಡು. ಮಲ್ಲೇಶಪ್ಪ ಅಲ್ಲೇ, ಹೋಳಿಗೆಯ ಎಲೆಯ ಮುಂದೆಯೇ, ಕಾರಿನ ಬಾಯಿ ಮುಚ್ಚಿಸುತ್ತೇನೆಂದು ಶಪಥ ಮಾಡಿದರು.

ಹೊನ್ನಾಳಿಯಲ್ಲಿ ಪರಮೇಶ್ ಎಂಬುವನದು ಕಾರು ಶೃಂಗಾರದ ಅಂಗಡಿ. ಸೀಟಿಗೆ ಕವರು, ಗಾಜಿಗೆ ಕಪ್ಪು ಹಾಳೆ, ಹಿಂದೆ ಬರೆಸುವ ಹೆಸರು, ಎಲ್ಲ ಅವನಲ್ಲಿ. ಅವನು ಮಲ್ಲೇಶಪ್ಪನ ಕಾರಿನ ಬಾಗಿಲಿಗೆ ಬೆರಳಿನಿಂದ ಟಣ್ ಎಂದು ಬಡಿದು, ವೈದ್ಯರು ನಾಡಿ ಬಿಟ್ಟಂತೆ ಕೈ ಬಿಟ್ಟ.

"ಬರೀ ತಗಡು ಸಾರ್. ತಗಡು ನಡುಗತೈತೆ, ನಡುಗಿದ್ದು ಕೂಗತೈತೆ. ನಡುಕ ನಿಲ್ಲಿಸಿದ್ರೆ ಕೂಗು ನಿಲ್ಲತೈತೆ."

ಅವನು ತೋರಿಸಿದ್ದು ಕರಿಯ ಅಂಟಿನ ದಪ್ಪ ಹಾಳೆ. ಒಂದು ಮೈ ಅಂಟು, ಇನ್ನೊಂದು ಮೈಗೆ ಬೆಳ್ಳಿಯಂತೆ ಹೊಳೆಯುವ ಲೇಪ. ಬಾಗಿಲಿನ ಒಳಗಿನ ತಗಡಿಗೆ ಅದನ್ನು ಒತ್ತಿ ಅಂಟಿಸಿ, ಮೇಲೆ ಫೋಮು ಕೂರಿಸಿ, ಮುಚ್ಚಿ, ಮತ್ತೆ ಬಡಿದ. ಈ ಸಲ ಟಣ್ ಎನ್ನಲಿಲ್ಲ. ಹಲಗೆಗೆ ಬಡಿದಂತೆ ದಪ್ ಎಂದಿತು. ಆ ದಪ್ ಕೇಳಿ ಮಲ್ಲೇಶಪ್ಪನವರ ಕಣ್ಣು ತೇವವಾಯಿತು.

ಆದರೆ ನ್ಯಾಮತಿಗೆ ಹಿಂದಿರುಗುವಾಗ ಗುಂಯ್ ಇನ್ನೂ ಇತ್ತು. ಮರುದಿನ ಮತ್ತೆ ಪರಮೇಶನ ಅಂಗಡಿ.

"ಬಾಗಿಲು ಮುಚ್ಚಿದ್ರಾಯ್ತಾ ಸಾರ್, ರಸ್ತೆ ಇರೋದು ಕೆಳಗೆ" ಎಂದ ಪರಮೇಶ್. "ಚಕ್ರದ ಸದ್ದು ತಳದಿಂದ ಬರತೈತೆ, ಚಕ್ರದ ಮ್ಯಾಲಿನ ಕಮಾನಿನಿಂದ ಬರತೈತೆ, ಡಿಕ್ಕಿಯಿಂದ ಬರತೈತೆ. ಒಂದು ಮಾತು ಈಗಲೇ ಹೇಳಿಬಿಡ್ತೀನಿ. ದೊಡ್ಡ ಸದ್ದು ಹೋದ್ರೆ ಅದರ ಕೆಳಗೆ ಅಡಗಿದ್ದ ಸಣ್ಣ ಸದ್ದುಗಳೆಲ್ಲ ಎದ್ದು ಬರತಾವೆ. ಆಮೇಲೆ ನನ್ನ ಕೇಳಬ್ಯಾಡ್ರಿ."

"ಬರ್ಲಿ" ಎಂದರು ಮಲ್ಲೇಶಪ್ಪ. "ಒಂದೊಂದನ್ನೂ ವಿಚಾರಿಸ್ಕೊಳ್ತೀನಿ."

ಉಳಿದ ಕೆಲಸವನ್ನು ತಾವೇ ಮಾಡುವುದೆಂದು ಹಾಳೆಯ ಸುರುಳಿ, ಫೋಮು, ನೆಲಕ್ಕೆ ಹಾಸುವ ಕಂಬಳಿಯಂಥ ದಪ್ಪ ಫೆಲ್ಟು, ಎಲ್ಲ ಮನೆಗೆ ತಂದರು. ಅಂಗಡಿಯವರು ಎಲ್ಲಾದರೂ ಬೆರಳಗಲ ಸಂದು ಬಿಟ್ಟರೆ ನೀಲವ್ವನ ಮಾತು ಅಲ್ಲೇ ಸೋರಿಹೋಗುತ್ತದೆಂಬ ಭಯ. ಮನೆಯ ಮುಂದೆ ಕಾರು ನಿಲ್ಲಿಸಿ ಸೀಟುಗಳನ್ನು ಕಿತ್ತು ಕಟ್ಟೆಯ ಮೇಲಿಟ್ಟರು. ಒಳಗೆಲ್ಲ ಬೆಳ್ಳಿ ಹಾಳೆ ಅಂಟಿಸಿದರು. ನೆಲಕ್ಕೆ ಫೆಲ್ಟು ಹಾಸಿ, ಅದರ ಮೇಲೆ ಮತ್ತೊಂದು ಪದರ ಹಾಸಿ, ತುಳಿದು ತುಳಿದು ಕೂರಿಸಿದರು. ಕಾರಿನೊಳಗೆ ಸಾಮಾನು ಜೋಡಿಸಿಕೊಡುತ್ತಿದ್ದ ಪುಷ್ಪಾವತಿಯವರ ಫೋನು ಆ ಹೊತ್ತಿನಿಂದ ಕಾಣಲಿಲ್ಲ. ಎಲ್ಲೋ ಇಟ್ಟಿದ್ದೀನಿ, ಸಿಗತೈತೆ ಎಂದುಕೊಂಡರು ಆ ತಾಯಿ.

ಈಗ ಪಕ್ಕದ ಮನೆಯ ನಿಂಗರಾಜ್ ಬರಬೇಕು. ಇವನು ಕೆಟ್ಟವನಲ್ಲ. ಊರಿನಲ್ಲಿ ಯಾರದೇ ಸಾವಾಗಲಿ ಮೊದಲು ಹೋಗಿ ನಿಲ್ಲುವವನು, ನೆಂಟರಿಗೆ ಫೋನು ಮಾಡುವವನು, ಹೂವಿನಿಂದ ಹಿಡಿದು ಬಿದಿರಿನವರೆಗೆ ಹೊಂದಿಸುವವನು. ಅಂಥ ಪರೋಪಕಾರಿ ಅವತ್ತು ಬಾಯಲ್ಲಿ ಬ್ರಷ್ ಇಟ್ಟುಕೊಂಡು ಕಾಂಪೌಂಡಿನ ಮೇಲಿಂದ ಇಣುಕಿದಾಗ ಕಂಡದ್ದಿಷ್ಟು: ಸೀಟಿಲ್ಲದ ಕಾರು; ಒಳಗೆಲ್ಲ ಹೊಳೆಯುವ ಬೆಳ್ಳಿ ಹಾಳೆ; ಕಟ್ಟೆಯ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿರುವ ಗಿಡ್ಡಮ್ಮ; ತಲೆಯಿಂದ ಕಾಲಿನವರೆಗೆ ಟೇಪು ಹಿಡಿದು ಅಳೆಯುತ್ತಿರುವ ಮಲ್ಲೇಶಪ್ಪ.

ಅಳತೆಗೆ ಕಾರಣವಿತ್ತು. ದೂರದ ದಾರಿಯಲ್ಲಿ ಮುದುಕಿ ಹಿಂದಿನ ಸೀಟಿನಲ್ಲಿ ಮಲಗಿಬಿಡುತ್ತಾಳೆ. ಮಲಗಿ ಹಾಡಿದರೆ ಬಾಯಿ ಯಾವ ಜಾಗಕ್ಕೆ ಬರುತ್ತದೆಂದು ತಿಳಿದು, ಅಲ್ಲಿ ಎರಡು ಪದರ ಹಾಕುವ ಲೆಕ್ಕ ಮಲ್ಲೇಶಪ್ಪನವರದು. ಆದರೆ ಒಂದು ಹಾಡಿಗಾಗಿ ಕಾರು ಬಿಚ್ಚಿದ್ದೇನೆಂದು ನಿಂಗರಾಜನಿಗೆ ಹೇಳಲು ನಾಚಿಕೆ. ಚನ್ನಗಿರಿಯ ಚಿಲ್ಲರೆಯ ಸುದ್ದಿ ಇನ್ನೂ ಊರಲ್ಲಿ ಹಸಿಯಾಗಿತ್ತು.

"ಏನಣ್ಣ ಇದು?" ಎಂದ ನಿಂಗರಾಜ್, ಬ್ರಷ್ ತೆಗೆದು.

"ಜಗಳೂರು ದೂರ ಅಲ್ಲೇನೋ. ಆ ಕಡೆ ಬಿಸಿಲು ಬ್ಯಾರೆ. ದಾರಿಯಾಗೆ ಅತ್ತಿಗೆ ಏನೂ ಆಗಬಾರದು, ಅದಕ್ಕೆ."

"ರುದ್ರಾಣಕ್ಕನ ಊರಿಗೇ ಒಯ್ಯಬೇಕು ಅಂತಾನಾ?"

"ಅವಳ ಆಸೆ ಅದೇ ಐತೆ."

ನಿಂಗರಾಜ್ ದನಿ ತಗ್ಗಿಸಿದ. "ಯಾವಾಗ ಅಂದ್ರು?"

"ಸೋಮವಾರ. ಅಯ್ನೋರು ಹೇಳಿದಾರೆ."

"ಡಾಕ್ಟ್ರು?"

"ಇದರಾಗೆ ಡಾಕ್ಟ್ರದು ಏನೈತೋ" ಎಂದು ಮಲ್ಲೇಶಪ್ಪ ಟೇಪು ಸುತ್ತಿದರು. "ಅತ್ತಿ, ಒಂಚೂರು ಕಾಲು ನೀಡು."

ಮುದುಕಿ ವಿಧೇಯಳಾಗಿ ಕಾಲು ನೀಡಿದಳು. ತನ್ನ ಅಳತೆಗೆ ತಾನೇ ಕಾಲು ನೀಡುವ ಇಂಥ ಧೈರ್ಯವನ್ನು ನಿಂಗರಾಜ್ ಎಷ್ಟೋ ಸಾವುಗಳಲ್ಲಿ ಕಂಡಿರಲಿಲ್ಲ. ಬಾಯಿ ತೊಳೆಯುವುದನ್ನೂ ಮರೆತು ಬೀದಿಗೆ ನಡೆದ.

ಸಂಜೆಯಿಂದಲೇ ಜನ ಬರತೊಡಗಿದರು. ಬ್ರೆಡ್ಡು ಬಂತು, ಬಾಳೆಹಣ್ಣು ಬಂತು, ಎಳನೀರು ಬಂತು. ಎದುರು ಮನೆಯ ದುರುಗಮ್ಮ ಗಿಡ್ಡಮ್ಮನ ಕೈ ಹಿಡಿದು ಗೊಳೋ ಎಂದಳು.

"ಅಳಬ್ಯಾಡ ಸುಮ್ಕಿರವ್ವ" ಎಂದು ಗಿಡ್ಡಮ್ಮ ಅವಳ ಬೆನ್ನು ಸವರಿದಳು. "ಸೋಮವಾರ ಹೊಂಟೀನಿ. ಇಲ್ಲೇ ಇನ್ನೆಷ್ಟು ದಿನ ಅಂತ ಇರಾಕೆ ಆಗತೈತೆ?"

"ನಿನಗೆ ಬ್ಯಾಸರ ಇಲ್ಲೇನಜ್ಜಿ?"

"ಯಾಕೆ ಬ್ಯಾಸರ? ಕಾರು ತಣ್ಣಗೈತೆ. ಮಲ್ಲೇಶ ಮೆತ್ತಗೆ ಹಾಸಿದಾನೆ. ಮಲಗಿದ್ದು ಏಳಾದ್ರಾಗೆ ಊರು ಬರತೈತೆ."

ದುರುಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಓಡಿದಳು. ಗಿಡ್ಡಮ್ಮ ಬಂದ ಬಾಳೆಹಣ್ಣನ್ನೆಲ್ಲ ಸಂತೋಷದಿಂದ ತಿಂದಳು. "ಅಜ್ಜಿ ಕೊನೇ ಆಸೆ ತೀರಿಸ್ಕೊಳ್ತೈತೆ" ಎಂದು ಹೊರಗೆ ನಿಂತವರು ತಲೆಯಾಡಿಸಿದರು.

"ಯಾಕ್ರೀ ಇಷ್ಟು ಬ್ರೆಡ್ಡು?" ಎಂದು ಪುಷ್ಪಾವತಿ ಕೇಳಿದರೆ, ಮಲ್ಲೇಶಪ್ಪ ಕಾರಿನ ಕೆಳಗಿನಿಂದಲೇ, "ಊರಿಗೆ ನಮ್ಮತ್ತಿ ಅಂದ್ರೆ ಅಷ್ಟು ಪ್ರೀತಿ" ಎಂದರು.

ಭಾನುವಾರ ನಿಂಗರಾಜ್ ಕೊನೆಯ ಉಪಕಾರ ಮಾಡಿದ. ಜಗಳೂರಿಗೆ ಫೋನು ಹಚ್ಚಿದ. "ರುದ್ರಾಣಕ್ಕ, ಗಟ್ಟಿ ಮನಸು ಮಾಡ್ಕೋ. ಸೋಮವಾರ ಅಂತ ಹೇಳಿಬಿಟ್ಟಿದಾರೆ. ಎಲ್ಲಾ ಮುಗಿಸ್ಕೊಂಡು ನಿಮ್ಮೂರಿಗೇ ತರ್ತಾರೆ. ಕಾರಿನಾಗೆ ಬೆಳ್ಳಿ ಹಾಳೆ ಹೊದಿಸಿ ವ್ಯವಸ್ಥೆ ಮಾಡಿದಾನೆ ಮಲ್ಲೇಶಣ್ಣ, ಕೆಡಂಗಿಲ್ಲ. ನಾನೂ ಮುಂಜಾನೆ ಬಸ್ಸಿಗೆ ಬಂದುಬಿಡ್ತೀನಿ, ಹಾರದ ಚಿಂತೆ ಬ್ಯಾಡ."

ರುದ್ರಾಣಿ ಕೂಡಲೇ ಪುಷ್ಪಾವತಿಗೆ ಫೋನು ಮಾಡಿದಳು. ಆ ಫೋನು ಬಡಿದುಕೊಂಡಿತು. ಎರಡು ಪದರ ಫೆಲ್ಟಿನ ಕೆಳಗೆ, ಬೆಳ್ಳಿ ಹಾಳೆಯ ಮೇಲೆ, ಬಡಿದುಕೊಂಡೇ ಬಡಿದುಕೊಂಡಿತು. ಮೇಲೆ ಸೀಟಿನಲ್ಲಿ ಕೂತು ಸದ್ದು ಪರೀಕ್ಷಿಸುತ್ತಿದ್ದ ಮಲ್ಲೇಶಪ್ಪನವರಿಗೆ ಏನೂ ಕೇಳಿಸಲಿಲ್ಲ. ಕೆಲಸ ಅಷ್ಟು ಚೊಕ್ಕಟವಾಗಿತ್ತು. ತಮ್ಮ ಫೋನನ್ನಂತೂ ಹಾಡಿಗೆ ಅಡ್ಡಿಯಾಗದಿರಲೆಂದು ಅವರು ಆಗಲೇ ಆಫ್ ಮಾಡಿಟ್ಟಿದ್ದರು.

ಸೋಮವಾರ ಮುಂಜಾನೆ ಹೊರಟರು. ಬೀದಿಯ ಜನ ಕೈಮುಗಿದು ನಿಂತಿದ್ದರು. ಕಾರಿನ ಬಾಗಿಲು ದಪ್ ಎಂದು ಮುಚ್ಚಿತು. ಒಳಗೆ ಗರ್ಭಗುಡಿಯ ನಿಶ್ಶಬ್ದ. ಗಿಡ್ಡಮ್ಮ ಚಳಿಯೆಂದು ಬಿಳಿಯ ಹೊದಿಕೆ ತಲೆಯವರೆಗೆ ಎಳೆದುಕೊಂಡು ಮಲಗಿದಳು.

ಹೊನ್ನಾಳಿಯ ಹತ್ತಿರ ಚೆಕ್‌ಪೋಸ್ಟು. ಅಲ್ಲಿದ್ದ ಪೇದೆ ಓಬಣ್ಣ ಕೈ ತೋರಿಸಿದ್ದನ್ನು ಮಲ್ಲೇಶಪ್ಪ ನೋಡಲಿಲ್ಲ; ಸೀಟಿ ಊದಿದ್ದು ಕೇಳಲಿಲ್ಲ. ಓಬಣ್ಣ ಬೈಕು ಹತ್ತಿ ಬೆನ್ನಟ್ಟಿ, ಅಡ್ಡ ನಿಲ್ಲಿಸಿ, ಗಾಜು ಬಡಿದ. ಗಾಜು ಇಳಿಯಿತು.

"ಸೀಟಿ ಊದಿದ್ದು ಕೇಳಲಿಲ್ಲೇನ್ರಿ?"

ಮಲ್ಲೇಶಪ್ಪನವರ ಮುಖ ಅರಳಿತು. "ಊದಿದ್ರಾ ಸಾರ್? ನಿಜವಾಗ್ಲೂ?"

"ಅಲ್ಲಿಂದ ಊದ್ಕೊಂಡೇ ಬಂದೀನಿ. ಗಂಟಲು ಹರೀತು."

"ಸಾರ್, ತಪ್ಪು ತಿಳೀಬ್ಯಾಡ್ರಿ. ನಾನು ಗ್ಲಾಸು ಏರಿಸ್ತೀನಿ, ಇನ್ನೊಂದು ಸಲ ಊದ್ರಿ."

ಸೇವೆಯಲ್ಲಿ ಯಾರೂ ತನ್ನನ್ನು ಇಷ್ಟು ಪ್ರೀತಿಯಿಂದ ಕೇಳಿರಲಿಲ್ಲವೋ ಏನೋ, ಓಬಣ್ಣ ಊದಿಯೇಬಿಟ್ಟ. ಗಾಜಿನ ಒಳಗೆ ಮಲ್ಲೇಶಪ್ಪ ಎರಡು ಕೈಯನ್ನೂ ಎತ್ತಿ, ಏನೂ ಇಲ್ಲ ಎಂಬಂತೆ ಆಡಿಸಿ ನಕ್ಕರು. ಓಬಣ್ಣ ಬಗ್ಗಿ ನೋಡಿದ. ಹಿಂದೆ ಬಿಳಿ ಬಟ್ಟೆ, ಬಟ್ಟೆಯ ಕೆಳಗೆ ಒಂದು ಆಕಾರ, ಡಿಕ್ಕಿಯ ಅಂಚಿನಲ್ಲಿ ಬೆಳ್ಳಿ ಹಾಳೆ. ಅವನ ಮುಖ ಗಂಭೀರವಾಯಿತು. ಗಾಜು ಮತ್ತೆ ಇಳಿಯಿತು.

"ಮೊದಲೇ ಹೇಳಬಾರದೇನ್ರಿ. ಯಾರು?"

"ನಮ್ಮ ಸೋದರತ್ತೆ. ಜಗಳೂರಿಗೆ ಒಯ್ತಾ ಇದೀನಿ."

"ಬಾಡಿ ಒಯ್ಯಾಕೆ ಆಸ್ಪತ್ರೆ ಕಾಗದ ಬೇಕಾಗತೈತೆ. ಐತಾ?" ಎಂದು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಗೌರವಕ್ಕೆಂದೋ ಸಂಚಾರ ನಿಲ್ಲಿಸಲೆಂದೋ, ಒಂದು ಸಣ್ಣ ಸೀಟಿ ಊದಿದ.

ಬಿಳಿ ಬಟ್ಟೆ ಎದ್ದು ಕೂತಿತು. ಸೀಟಿ ಎಂದರೆ ಗಿಡ್ಡಮ್ಮನಿಗೆ ಬಸ್ಸು, ಬಸ್ಸೆಂದರೆ ಕಂಡಕ್ಟರು. ಎಲೆಯಡಿಕೆ ಚೀಲದಿಂದ ಆಧಾರ್ ಕಾರ್ಡು ತೆಗೆದು ಓಬಣ್ಣನ ಮೂಗಿನ ಹತ್ತಿರ ಹಿಡಿದು, "ಹೆಂಗಸರಿಗೆ ಫ್ರೀ ಐತಪ್ಪ" ಎಂದಳು.

ಓಬಣ್ಣ ಎರಡು ಹೆಜ್ಜೆ ಹಿಂದೆ ಸರಿದು, ಕಾರ್ಡಿಗೆ ಕೈಮುಗಿದು, "ಹೋಗ್ರಿ, ಮೊದಲು ಹೋಗ್ರಿ" ಎಂದ.

ಹೊನ್ನಾಳಿ ದಾಟಿತು. ಹಸನಾದ ರಸ್ತೆ ಬಂತು. ಮುದುಕಿ ಎದ್ದು ಕೂತಿದ್ದಳು. "ಅತ್ತಿ, ಈಗ ಹೇಳು. ಉಸಿರು ಬಿಟ್ರೂ ಕೇಳಿಸತೈತೆ" ಎಂದರು ಮಲ್ಲೇಶಪ್ಪ, ಪಿಸುಮಾತಿನಲ್ಲಿ.

ಗಿಡ್ಡಮ್ಮ ಬಾಯಿ ತೆರೆದಳು. "ನೀ" ಎಂದಳು. ನಿಲ್ಲಿಸಿದಳು. ಮತ್ತೆ ತೆರೆದಳು, ಮತ್ತೆ ಮುಚ್ಚಿದಳು.

"ಬರ್ತಿಲ್ಲ ಕಣೋ."

ಮಲ್ಲೇಶಪ್ಪ ಸೋಲುವವರಲ್ಲ. ಪರಮೇಶ್ ಹೇಳಿದ ಸಣ್ಣ ಸದ್ದುಗಳೇ ಅಡ್ಡಿಯೆಂದು ನಿಶ್ಚಯಿಸಿದರು. ಕಾರು ನಿಲ್ಲಿಸಿ, ಬೀಗದಕೈ ಗೊಂಚಲು ಕಿಣಿಕಿಣಿ ಅನ್ನುತ್ತದೆಂದು ಬಿಚ್ಚಿ ಜೇಬಿಗೆ ಹಾಕಿದರು. ಮುಂದೆ ಕೂರಿಸಿದ್ದ ಪುಟ್ಟ ಬಸವಣ್ಣ ಅಲುಗುತ್ತದೆಂದು ಕರ್ಚೀಫಿನಲ್ಲಿ ಸುತ್ತಿ ಮಲಗಿಸಿದರು. ಏಸಿ ಉಸುರುತ್ತದೆಂದು ಆಫ್ ಮಾಡಿದರು. ಕೊನೆಗೆ ಹೆಂಡತಿಯ ಬಳೆ ನೋಡಿದರು.

"ಬಳೆಗಿಳೆ ತೆಗಿ ಅಂದೀರಿ" ಎಂದರು ಪುಷ್ಪಾವತಿ. "ಇಳಿದು ಬಸ್ಸಿಗೆ ಹೋಗ್ತೀನಿ. ನನಗೂ ಫ್ರೀ ಐತೆ."

ಕೊನೆಗೆ ಎರಡೂ ಕೈಗೆ ಟವೆಲ್ ಸುತ್ತುವುದಕ್ಕೆ ರಾಜಿಯಾಯಿತು. ಕಾರು ಮತ್ತೆ ಹೊರಟಿತು. ಒಳಗೆ ಬೇಗೆ. ಬೆವರು ಹರಿಯುವುದು ಕೇಳಿಸುವಷ್ಟು ಶಾಂತಿ.

"ಅತ್ತಿ?"

"ಇಲ್ಲಪ್ಪ. ಬಾವಿಯಾಗೆ ಕೂತಂಗಾಗತೈತೆ. ಉಸಿರಾಡಾಕಾದ್ರೂ ಬಿಡ್ತೀಯೋ ಇಲ್ಲೋ?" ಎಂದು ಹೊದಿಕೆ ಎಳೆದುಕೊಂಡು ಮಲಗಿಬಿಟ್ಟಳು.

ಹೊಲಗಳು ಕೆಂಪಾಗುತ್ತ, ಒಣಗುತ್ತ ಬಂದವು. ಕುರಿಹಿಂಡು ಎದುರಾಯಿತು. ಒಂದೊಂದು ಮೈಲಿಯೂ ಸದ್ದಿಲ್ಲದೆ ಸರಿದುಹೋಗುವುದನ್ನು ಮಲ್ಲೇಶಪ್ಪ ನೋಡುತ್ತಿದ್ದರು. ಅತ್ತೆಯ ಕೋಪ ಇನ್ನೂ ಇಳಿದಿಲ್ಲವೆಂದು ಅವರಿಗೆ ಖಾತ್ರಿಯಾಗಿತ್ತು. ಸ್ಟಿಯರಿಂಗ್ ಹಿಡಿದ ಕೈ ಸಡಿಲಾಗಲಿಲ್ಲ, ಮುಖ ಮಾತ್ರ ಸಣ್ಣದಾಯಿತು.

ಜಗಳೂರಿನ ರುದ್ರಾಣಿಯ ಓಣಿಗೆ ಕಾರು ತಿರುಗಿದಾಗ ಮನೆಯ ಮುಂದೆ ಪೆಂಡಾಲು ಕಂಡಿತು.

"ತೊಟ್ಟಿಲಿಗೆ ಎಷ್ಟು ಜನ ಕರೆದಿದಾರೆ ನೋಡ್ರಿ" ಎಂದರು ಪುಷ್ಪಾವತಿ.

ಪೆಂಡಾಲಿನ ಜನ ಕಾರು ಕಂಡೊಡನೆ ಎದ್ದು ನಿಂತರು. ಹೆಂಗಸರು ಬಾಯಿ ಅಗಲಿಸಿ, ಕೈ ಎತ್ತಿ, ತಲೆ ಚಚ್ಚಿಕೊಂಡು ಓಡಿಬಂದರು. ಗಾಜಿನ ಒಳಗೆ ಏನೂ ಕೇಳಿಸದು. "ಏನು ಖುಷಿಯೋ ಇವರಿಗೆ, ಕುಣೀತಾ ಇದಾರೆ" ಎಂದು ಮಲ್ಲೇಶಪ್ಪ ನಗುತ್ತ ಕೈ ಬೀಸಿದರು. ಮುಂದೆ ನಿಂಗರಾಜ್ ಹಾರ ಹಿಡಿದು ನಿಂತಿದ್ದ. ತಮಗೇ ಇರಬೇಕೆಂದು ಮಲ್ಲೇಶಪ್ಪ ಕೂದಲು ಸರಿಮಾಡಿಕೊಂಡರು.

ಬಾಗಿಲು ತೆರೆದರು. ತೆರೆದದ್ದೇ ತಡ, ಇಡೀ ಓಣಿಯ ಅಳು ಒಮ್ಮೆಗೇ ಒಳಗೆ ನುಗ್ಗಿತು. ಗಿಡ್ಡಮ್ಮ ಬೆಚ್ಚಿ ಎದ್ದಳು.

ನಮ್ಮ ಕಡೆಯ ಹಿರಿಯ ಹೆಂಗಸರಿಗೆ ಒಂದು ರೀತಿ ಇದೆ. ಅಳುವ ಮನೆಗೆ ಕಾಲಿಟ್ಟರೆ ಮೊದಲು ತಾವೂ ಅಳಬೇಕು. ಯಾರು ಹೋದರು ಎಂದು ಆಮೇಲೆ ಕೇಳಬೇಕು. ಗಿಡ್ಡಮ್ಮ ಕಾರಿನಿಂದಿಳಿದವಳೇ ಬಿಳಿ ಹೊದಿಕೆಯನ್ನು ತಲೆಗೆಳೆದುಕೊಂಡು, "ಯಪ್ಪಾ, ಹೋದ್ಯಾ, ನಮ್ಮನ್ನೆಲ್ಲ ಬಿಟ್ಟು ಹೋದ್ಯಾ" ಎನ್ನುತ್ತ ಗುಂಪಿನೊಳಗೆ ಸೇರಿ, ಮಗಳ ಕೊರಳು ತಬ್ಬಿ ಎಲ್ಲರಿಗಿಂತ ಜೋರಾಗಿ ಅತ್ತಳು. ಮೊದಲಿಗೆ ಯಾರೂ ಗಮನಿಸಲಿಲ್ಲ. ರುದ್ರಾಣಿ ಕಣ್ಣು ಮುಚ್ಚಿ ಅಳುತ್ತ ತಾಯಿಯ ಬೆನ್ನು ತಟ್ಟುತ್ತಿದ್ದಳು.

ಒಂದಿಷ್ಟು ಅತ್ತು ಮುಗಿಸಿ ಗಿಡ್ಡಮ್ಮ ಮೂಗು ಒರೆಸಿಕೊಂಡಳು. "ಯಾರವ್ವ ಹೋದೋರು?"

"ನೀನೇ ಕಣವ್ವಾ" ಎಂದು ರುದ್ರಾಣಿ ಬಿಕ್ಕಿದಳು. ಬಿಕ್ಕಿ, ಕಣ್ಣು ತೆರೆದಳು.

ಆಮೇಲಿನದನ್ನು ವಿಸ್ತರಿಸುವುದು ಬೇಡ. ಇಬ್ಬರು ಹೆಂಗಸರು ಕೂತಲ್ಲೇ ಒರಗಿದರು. ಹಿರಿಯರೊಬ್ಬರು ಶಿವ ಶಿವ ಎಂದು ಎದ್ದು ಹೊರಟುಹೋದರು. ನಿಂಗರಾಜ್ ಹಾರವನ್ನು ಎಲ್ಲಿಡುವುದೆಂದು ತಿಳಿಯದೆ ತನ್ನ ಕೊರಳಿಗೇ ಹಾಕಿಕೊಂಡ. "ಟೇಪು ಹಿಡಿದು ಅಳೀತಿದ್ದಿ, ನಾನು ಏನಂತ ತಿಳೀಲಣ್ಣ" ಎಂದು ಮಲ್ಲೇಶಪ್ಪನನ್ನು ಕೇಳಿದ ಪ್ರಶ್ನೆಗೆ ಇವತ್ತಿಗೂ ಯಾರಲ್ಲೂ ಉತ್ತರವಿಲ್ಲ.

ಎತ್ತಿಟ್ಟಿದ್ದ ತೊಟ್ಟಿಲು ಮತ್ತೆ ಹೊರಗೆ ಬಂತು. ಶಾಸ್ತ್ರವೂ ಆಯಿತು. ಬದುಕಿ ಬಂದ ಮುತ್ತಜ್ಜಿ ಒಂದು ಹಾಡು ಹೇಳಲಿ ಎಂದರು ಎಲ್ಲರೂ. ಗಿಡ್ಡಮ್ಮ ತೊಟ್ಟಿಲ ಹಗ್ಗ ಹಿಡಿದು ಬಾಯಿ ಬಿಟ್ಟಳು, ಮತ್ತೆ ಬಿಟ್ಟಳು, ಮುಚ್ಚಿದಳು.

ಮಲ್ಲೇಶಪ್ಪ ಹತ್ತಿರ ಹೋಗಿ ಕೂತರು. "ಅತ್ತಿ, ಇನ್ನೂ ನನ್ನ ಮ್ಯಾಲೆ ಸಿಟ್ಟೈತೇನು?"

"ಎಂಥ ಸಿಟ್ಟೋ. ನನಗೆ ಹಾಡು ಬಾಯಿಂದ ಬರಂಗಿಲ್ಲ ಮಲ್ಲೇಶ, ಕಲ್ಲಿನಿಂದ ಬರತೈತೆ. ಬೀಸೋ ಕಲ್ಲು ಗುಂಯ್ ಅಂತಿದ್ರೆ ಅದರ ಬೆನ್ನ ಮ್ಯಾಲೆ ಮಾತು ಬಂದು ಕೂರತಾವೆ. ಮಿಕ್ಸಿ ಬಂದ ಮ್ಯಾಲೆ ನಾನು ಹಾಡಿಲ್ಲ, ಅದು ಕಿರುಚತೈತೆ. ನಿನ್ನ ಕಾರು ಅವತ್ತು ಹೊನ್ನಾಳಿ ದಾಟಿದ ಮ್ಯಾಲೆ ಥೇಟ್ ನಮ್ಮ ಕಲ್ಲಿನಂಗೇ ಅಂತು. ನಿಮ್ಮವ್ವ ಎದುರಿಗೆ ಕೂತಂಗಾತು. ತಾನಾಗೇ ಬಂತು." ಮುದುಕಿ ಹಗ್ಗ ಬಿಟ್ಟಳು. "ಈಗ ಅದರ ಬಾಯಿಗೆ ಬಟ್ಟೆ ತುರುಕಿದೀಯಲ್ಲಪ್ಪ."

ಮಲ್ಲೇಶಪ್ಪ ಎದ್ದು ನಿಂತರು. ಪಂಚೆ ಎತ್ತಿ ಕಟ್ಟಿದರು. ಕಾರಿನ ಹಿಂದಿನ ಸೀಟು ಅಲ್ಲೇ ಪೆಂಡಾಲಿನಲ್ಲಿ ಕೆಳಗಿಳಿಯಿತು. ಅಂಟಿಸುವಾಗ ಎಷ್ಟು ಹಟವಿತ್ತೋ ಕೀಳುವಾಗ ಅದಕ್ಕೆ ಎರಡರಷ್ಟು ಬೇಕಾಯಿತು. ಪರಮೇಶನ ಅಂಟು ಅಷ್ಟು ಪ್ರಾಮಾಣಿಕ. ಜಗಳೂರಿನ ಬಿಸಿಲು ಸಹಾಯ ಮಾಡಿತು. ನೆಲದ ಫೆಲ್ಟು ಎದ್ದಾಗ ಪುಷ್ಪಾವತಿಯವರ ಫೋನು ಸಿಕ್ಕಿತು. ಕೊನೆಯ ಉಸಿರಿನಲ್ಲಿದ್ದ ಅದು ಒಂದು ಸಲ ಬೆಳಗಿ, ರುದ್ರಾಣಿಯ ಹೆಸರು ತೋರಿಸಿ ಕಣ್ಣು ಮುಚ್ಚಿತು. ಆ ದಿನ ಜಗಳೂರಿನಲ್ಲಿ ನಿಜವಾಗಿ ಆರಿಹೋದದ್ದು ಅದೊಂದೇ.

ಇನ್ನುಳಿದದ್ದು ಹಳೆಯ ತೊಡಕು. ಸದ್ದಿದ್ದರೆ ಮುಂದಿನವರಿಗೆ ಹಾಡು ಕೇಳದು. ಸದ್ದಿಲ್ಲದಿದ್ದರೆ ಹಿಂದಿನವಳಿಗೆ ಹಾಡು ಬಾರದು. ಮಲ್ಲೇಶಪ್ಪ ತಲೆ ಕೆರೆದುಕೊಂಡು ಇನ್ನು ಯಾವ ಹಾಳೆ ತರಬೇಕೆಂದು ಯೋಚಿಸುತ್ತಿರುವಾಗ ಪುಷ್ಪಾವತಿ ಟವೆಲ್ ಬಿಚ್ಚಿದ ಕೈಯಲ್ಲಿ ಬಳೆ ಸರಿಮಾಡಿಕೊಳ್ಳುತ್ತ, "ಹಿಂದೆ ಹೋಗಿ ಅವರ ಪಕ್ಕ ಕೂತ್ಕೊಳ್ರಿ. ಗಾಡಿ ಬ್ಯಾರೆ ಯಾರಾದ್ರೂ ಹೊಡೀತಾರೆ" ಎಂದರು.

ಇಷ್ಟು ದಿನ ಈ ಉಪಾಯ ಯಾರಿಗೂ ಹೊಳೆದಿರಲಿಲ್ಲ. ಹೊಳೆದಿದ್ದರೆ ಬೆಳ್ಳಿ ಹಾಳೆಗೆ ಕೆಲಸವಿರುತ್ತಿರಲಿಲ್ಲ, ಈ ಕಥೆಗೂ.

ಮರುದಿನ ಬೆಳಗ್ಗೆ ಕಾರು ಊರಾಚೆಗೆ ಹೊರಟಿತು. ಪ್ರಾಯಶ್ಚಿತ್ತವಾಗಿ ನಿಂಗರಾಜ್ ಸ್ಟಿಯರಿಂಗ್ ಹಿಡಿದಿದ್ದ, ಪಕ್ಕದಲ್ಲಿ ಪುಷ್ಪಾವತಿ. ಹಿಂದೆ ಅತ್ತೆ ಮತ್ತು ಅಳಿಯ. ಮೆಕ್ಕೆಜೋಳದ ಹೊಲಗಳ ನಡುವಿನ ನೇರ ರಸ್ತೆಗೆ ಬಂದಾಗ ತಳದ ತಗಡು ನಡುಗಿತು, ನಡುಗಿದ್ದು ಕೂಗಿತು. ಗುಂಯ್.

ಗಿಡ್ಡಮ್ಮ ಸೆರಗು ಸರಿಮಾಡಿಕೊಂಡಳು. ಬಲಗೈ ತಾನಾಗಿ ಗೂಟ ಹಿಡಿದಂತೆ ಮಡಚಿಕೊಂಡಿತು. ನೀಲವ್ವ ಹೊರಟಳು.

ಮಲ್ಲೇಶಪ್ಪ ಕಿವಿಯನ್ನು ಅತ್ತೆಯ ಬಾಯಿಯ ಹತ್ತಿರ ಇಟ್ಟರು. ಇಡುತ್ತ ಇಡುತ್ತ ತಲೆ ಅವಳ ಭುಜಕ್ಕೆ ಒರಗಿತು. ಒಂದೊಂದು ಮಾತೂ ಕಾಳಿನಂತೆ ಬಂದು ಬಿತ್ತು: ಅತ್ತಿಗೆಯ ಮುನಿಸು, ಹಸುವಿನ ಕೆಚ್ಚಲು, ಒಡೆದ ಕೊಡ, ಬಾರದ ಅಣ್ಣ. ಅಂಬಿಗ ಮಾತಾಡುವುದಿಲ್ಲ, ಹುಟ್ಟು ಹಾಕುತ್ತಾನೆ. ನಡುಹೊಳೆ ಬಂತು. ಕೆಳಗೆ ಕಲ್ಲು ಬೀಸುತ್ತಿತ್ತು. ಮಲ್ಲೇಶಪ್ಪನವರ ರೆಪ್ಪೆ ಭಾರವಾಯಿತು. ತೊಡೆ ಚಿವುಟಿಕೊಂಡರು. ತುಟಿ ಕಚ್ಚಿಕೊಂಡರು. ಮುಂದಿನ ಕನ್ನಡಿಯಲ್ಲಿ ಪುಷ್ಪಾವತಿ ನೋಡಿದಾಗ ಗಂಡನ ಕಣ್ಣು ಮುಚ್ಚಿತ್ತು.

"ಮಲಗಿಬಿಟ್ರು" ಎಂದುಕೊಂಡು ಅವರು ಎಬ್ಬಿಸಲು ಕೈ ಚಾಚಿದರು. ಅಷ್ಟರಲ್ಲಿ ಹರಿಗೋಲು ದಡ ಮುಟ್ಟಿತು. ನೀಲವ್ವ ಇಳಿದು, ಸೀರೆಯ ನೀರು ಹಿಂಡಿ, ತಿರುಗಿ ನಿಂತು ಕೇಳಿದಳು:

*ಈಟೊತ್ತು ಹೇಳೀನಿ, ನನ್ನೊಡಲ ಹೇಳೀನಿ,*
*ಹುಟ್ಟು ಹಾಕೋ ಅಣ್ಣ, ಕೇಳಿಸಿತೇನೋ?*

ಗಿಡ್ಡಮ್ಮ ನಿಲ್ಲಿಸಿದಳು. ಹಾಡಿನಲ್ಲಿ ಅಂಬಿಗನ ಉತ್ತರವಿಲ್ಲ. ಅದನ್ನು ಹಾಡು ಕೇಳುತ್ತಿರುವವರು ಕೊಡಬೇಕು; ಕೊಟ್ಟರೆ ಹಾಡು ಮುಗಿಯುತ್ತದೆ. ಕಾರು ಗುಂಯ್‌ಗುಡುತ್ತಿತ್ತು. ನಿಂಗರಾಜ್ ಕೂಡ ವೇಗ ಹೆಚ್ಚಿಸದೆ, ಇಳಿಸದೆ, ಹಾಗೆಯೇ ಹಿಡಿದಿದ್ದ.

ಮಲ್ಲೇಶಪ್ಪ ಕಣ್ಣು ತೆರೆಯಲಿಲ್ಲ. ಮುಚ್ಚಿದ ರೆಪ್ಪೆಯ ಕೆಳಗಿಂದ ನೀರಿಳಿದು ಅತ್ತೆಯ ಸೆರಗು ತೊಯ್ದಿತ್ತು.

"ಹೂಂ" ಎಂದರು.

ಮುದುಕಿ ಅವರ ತಲೆಯನ್ನು ಒಮ್ಮೆ ತಟ್ಟಿ, ಗೂಟ ಬಿಟ್ಟಂತೆ ಕೈ ಬಿಚ್ಚಿದಳು. "ಎಷ್ಟಾಯ್ತು ಅಂತ ಕೇಳಿದ್ಲಂತೆ" ಎಂದು ತನ್ನಷ್ಟಕ್ಕೆ ನಕ್ಕು, ನಿಂಗರಾಜನ ಭುಜ ಮುಟ್ಟಿ ಹೇಳಿದಳು:

"ಮನಿಗೆ ತಿರುಗಿಸಪ್ಪ. ಮೆಲ್ಲಗೆ ಹೋಗು, ಕಲ್ಲು ನಿಲ್ಲದಂಗೆ."